ಬ್ರಿಟನ್ನಿನ ರಸ್ತೆ ತೆರಿಗೆ: ಕಾರು ಸರಿಯಾದ ಬ್ಯಾಂಡಿನಲ್ಲಿದೆಯೇ?

ಬ್ರಿಟನ್ನಿನಲ್ಲಿ ಕಾರಿನ ರಸ್ತೆ ತೆರಿಗೆಯನ್ನು ವರ್ಷ ವರ್ಷವೂ ಕಟ್ಟಬೇಕು, ಮತ್ತು ಅದು ಎಲ್ಲ ಕಾರಿಗೂ ಒಂದೇ ಮೊತ್ತವಲ್ಲ. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರಗಳ ಪ್ರಕಾರ ಒಂದು ಕಾರಿಗೆ ವರ್ಷಕ್ಕೆ 20 ಪೌಂಡ್ ಆದರೆ, ಅದೇ ಕಂಪನಿಯ ಅದೇ ಮಾದರಿಯ, ಒಂದು ವಾರ ತಡವಾಗಿ ರಸ್ತೆಗಿಳಿದ ಇನ್ನೊಂದು ಕಾರಿಗೆ 195 ಪೌಂಡ್ ಆಗಬಹುದು. ಹೆಚ್ಚು ಹೊಗೆಯುಗುಳುವ ಹಳೆಯ ದೊಡ್ಡ ಕಾರೊಂದಕ್ಕೆ 760 ಪೌಂಡ್ ಬೀಳಬಹುದು. ಯಾವ ಕಾರಿಗೆ ಎಷ್ಟು ಎಂಬುದನ್ನು ತೀರ್ಮಾನಿಸುವುದು ಅದು ಸೇರಿರುವ ಬ್ಯಾಂಡು. ಆ ಬ್ಯಾಂಡು ನಿಂತಿರುವುದು ಕಾರಿನ ನೋಂದಣಿ ಪುಸ್ತಕದಲ್ಲಿ ಬರೆದಿರುವ ನಾಲ್ಕೈದು ವಿವರಗಳ ಮೇಲೆ. ಅಲ್ಲಿ ಒಂದು ಅಂಕಿ ಆಚೀಚೆ ಆಗಿದ್ದರೆ ತೆರಿಗೆಯೂ ಆಚೀಚೆ ಆಗುತ್ತದೆ. ತೆರಿಗೆಯ ಗಡುವು ನೆನಪಿಸುವ ಕಾಗದ ಮನೆಗೆ ಬರುತ್ತದೆ ನಿಜ. ಆದರೆ ಅದರಲ್ಲಿ ಅಚ್ಚಾಗಿರುವುದು ಸರ್ಕಾರಿ ಕಂಪ್ಯೂಟರಿನಲ್ಲಿ ಮೊದಲಿನಿಂದ ಕುಳಿತಿರುವ ವಿವರದಿಂದ ತೆಗೆದ ಮೊತ್ತ. ಆ ವಿವರ ಸರಿಯೇ ಎಂದು ನೋಡುವ ಕೆಲಸ ಕಾರು ಇಟ್ಟುಕೊಂಡವರದು. ದಾಖಲೆ ಕೈಯಲ್ಲಿದ್ದರೆ ಅದಕ್ಕೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ಕರ್ನಾಟಕದಿಂದ ಹೋಗಿ ಅಲ್ಲಿ ನೆಲೆಸಿದ ವೈದ್ಯರಿಗೆ, ಸಾಫ್ಟ್‌ವೇರ್ ಉದ್ಯೋಗಿಗಳಿಗೆ ಈ ಪದ್ಧತಿ ಹೊಸದು. ಕರ್ನಾಟಕದಲ್ಲಿ ಹೊಸ ಕಾರಿಗೆ ಜೀವಾವಧಿ ತೆರಿಗೆ. ನೋಂದಣಿಯ ಹೊತ್ತಿಗೆ ಒಂದೇ ಸಲ ಕಟ್ಟಿದರೆ ಮುಗಿಯಿತು. ಅದರ ಲೆಕ್ಕ ಬೆಲೆಯ ಮೇಲೆ: ಪೆಟ್ರೋಲ್ ಅಥವಾ ಡೀಸೆಲ್ ಕಾರಿನ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶೇ 13, 20 ಲಕ್ಷ ಮೀರಿದರೆ ಶೇ 18, ಅದರ ಮೇಲೆ ಸೆಸ್. ಕಾರು ಎಷ್ಟು ಹೊಗೆ ಬಿಡುತ್ತದೆ ಎಂಬ ಪ್ರಶ್ನೆ ಈ ಲೆಕ್ಕದಲ್ಲಿ ಬರುವುದಿಲ್ಲ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಕಾರು ಗುಜರಿಗೆ ಹೋಗುವವರೆಗೂ ತೆರಿಗೆ ಅದರ ಬೆನ್ನು ಬಿಡುವುದಿಲ್ಲ. ಐದನೆಯ ಕೈಗೆ ದಾಟಿದ ಕಾರನ್ನು ಸಾವಿರ ಪೌಂಡಿಗೆ ಕೊಂಡವರೂ ಅದರ ಹುಟ್ಟಿನ ದಿನಾಂಕಕ್ಕೆ, ಅದರ ಹೊಗೆಗೆ ತಕ್ಕ ತೆರಿಗೆಯನ್ನೇ ಕಟ್ಟಬೇಕು. ಅಗ್ಗದ ಹಳೆಯ ಕಾರನ್ನು ನೆಚ್ಚಿಕೊಂಡವರ ಜೇಬಿಗೇ ತಪ್ಪು ಬ್ಯಾಂಡಿನ ಪೆಟ್ಟು ಹೆಚ್ಚು ತಾಗುವುದು ಇದರಿಂದಾಗಿ.

ಈ ತೆರಿಗೆಯ ಕಾನೂನಿನ ಹೆಸರು ವೆಹಿಕಲ್ ಎಕ್ಸೈಸ್ ಡ್ಯೂಟಿ. ವಸೂಲಿ ಮಾಡುವುದು ವೇಲ್ಸ್‌ನ ಸ್ವಾನ್‌ಸೀಯಲ್ಲಿರುವ ಡ್ರೈವರ್ ಅಂಡ್ ವೆಹಿಕಲ್ ಲೈಸೆನ್ಸಿಂಗ್ ಏಜೆನ್ಸಿ. ಜನರ ಬಾಯಲ್ಲಿ ಡಿವಿಎಲ್‌ಎ. ಇದರ ಇತಿಹಾಸವನ್ನು ಸ್ವಲ್ಪ ತಿಳಿದರೆ ಇಂದಿನ ಬ್ಯಾಂಡುಗಳ ಗೋಜಲು ಅರ್ಥವಾಗುತ್ತದೆ. 1921ರಲ್ಲಿ ಆರಂಭವಾದ ಪದ್ಧತಿಯಲ್ಲಿ ಕಾರುಗಳಿಗೆ ಒಂದು ಹಾರ್ಸ್‌ಪವರ್‌ಗೆ ವರ್ಷಕ್ಕೆ 1 ಪೌಂಡ್ ತೆರಿಗೆ. ಎಂಜಿನ್ನಿನ ನಿಜವಾದ ಬಲವನ್ನು ಅಳೆಯುವ ಗೋಜಿಗೆ ಹೋಗದೆ, ಸಿಲಿಂಡರಿನ ಬಾಯಿಯ ಅಗಲ ಮತ್ತು ಸಿಲಿಂಡರುಗಳ ಸಂಖ್ಯೆಯಿಂದ ಹಾರ್ಸ್‌ಪವರ್ ಲೆಕ್ಕ ಹಾಕುತ್ತಿದ್ದರು. ಪಿಸ್ಟನ್ ಎಷ್ಟು ದೂರ ಚಲಿಸುತ್ತದೆ ಎಂಬುದು ಆ ಸೂತ್ರದಲ್ಲಿ ಇರಲೇ ಇಲ್ಲ. ಬ್ರಿಟಿಷ್ ತಯಾರಕರು ಇದನ್ನು ಬೇಗ ಅರ್ಥಮಾಡಿಕೊಂಡರು. ಸಿಲಿಂಡರಿನ ಬಾಯಿ ಕಿರಿದಾಯಿತು, ಪಿಸ್ಟನ್ನಿನ ಓಟ ಉದ್ದವಾಯಿತು, ಹೀಗೆ ತೆರಿಗೆಗೆ ಚಿಕ್ಕದಾಗಿ ಕಾಣುವ ಎಂಜಿನ್‌ಗಳು ಹುಟ್ಟಿದವು. 20ಕ್ಕೂ ಹೆಚ್ಚು ಹಾರ್ಸ್‌ಪವರ್ ಎಂದು ಲೆಕ್ಕಕ್ಕೆ ಬರುತ್ತಿದ್ದ ಅಮೆರಿಕದ ವಿನ್ಯಾಸದ ಫೋರ್ಡ್ ಮಾಡೆಲ್ ಟಿ ಕಾರಿಗೆ ತೆರಿಗೆ ದುಬಾರಿಯಾಯಿತು; 1922ರಲ್ಲಿ ಬಂದ ಪುಟ್ಟ ಆಸ್ಟಿನ್ ಸೆವೆನ್‌ಗೆ ಅದರ ಮೂರರಲ್ಲೊಂದು ಭಾಗದಷ್ಟು ತೆರಿಗೆ. ತೆರಿಗೆಯ ಒಂದು ಸೂತ್ರ ಇಡೀ ದೇಶದ ಎಂಜಿನ್ ವಿನ್ಯಾಸವನ್ನೇ ಒಂದು ತಲೆಮಾರಿನ ಕಾಲ ಬಗ್ಗಿಸಿತು. 1948ರಲ್ಲಿ ಇದನ್ನು ಬಿಟ್ಟು ಎಲ್ಲ ಹೊಸ ಕಾರುಗಳಿಗೂ ವರ್ಷಕ್ಕೆ 10 ಪೌಂಡ್ ಎಂದು ಮಾಡಿದರು.

ಅಷ್ಟರಲ್ಲಿ ಇನ್ನೊಂದು ಬದಲಾವಣೆ ಆಗಿಹೋಗಿತ್ತು. ಆರಂಭದಲ್ಲಿ ಈ ಹಣ ರಸ್ತೆಗಳಿಗೆಂದೇ ಮೀಸಲಾದ ರೋಡ್ ಫಂಡ್ ಎಂಬ ನಿಧಿಗೆ ಹೋಗುತ್ತಿತ್ತು. 1937ರಿಂದ ಆ ನೇರ ನಂಟು ಕಡಿದು ತೆರಿಗೆ ಸರ್ಕಾರದ ಸಾಮಾನ್ಯ ಖಜಾನೆಗೆ ಸೇರತೊಡಗಿತು. ಆಮೇಲೆ ತೆರಿಗೆಯ ಉದ್ದೇಶವೂ ಸರಿದಾಡಿತು. 1999ರಲ್ಲಿ ಚಿಕ್ಕ ಎಂಜಿನ್ನಿನ ಕಾರುಗಳಿಗೆ ಕಡಿಮೆ ದರ ಬಂತು. 2001ರ ಮಾರ್ಚ್ 1ರಿಂದ ಹೊಸ ಕಾರುಗಳ ತೆರಿಗೆಯನ್ನು ಅವು ಒಂದು ಕಿಲೋಮೀಟರ್ ಓಡುವಾಗ ಬಿಡುವ ಇಂಗಾಲದ ಡೈ ಆಕ್ಸೈಡ್‌ನ ತೂಕಕ್ಕೆ ಕಟ್ಟಿದರು. 2009ರಲ್ಲಿ ಆ ಬ್ಯಾಂಡುಗಳು 13 ಆದವು. ಕಡಿಮೆ ಹೊಗೆಯ ಕಾರುಗಳು ಹೆಚ್ಚಾದಂತೆ ತೆರಿಗೆ ಕಟ್ಟದ ಕಾರುಗಳೂ ಹೆಚ್ಚಾದವು. ಆಗ 2017ರ ಏಪ್ರಿಲ್ 1ರಿಂದ ಪದ್ಧತಿಯನ್ನು ಮತ್ತೆ ತಿರುಗಿಸಿದರು. 2025ರ ಏಪ್ರಿಲ್ 1ರಂದು, ಅದುವರೆಗೆ ತೆರಿಗೆಯಿಲ್ಲದೆ ಓಡುತ್ತಿದ್ದ ವಿದ್ಯುತ್ ಕಾರುಗಳೂ ಬಲೆಗೆ ಬಂದವು. ಒಂದು ಪದ್ಧತಿ ಬಂದಾಗ ಹಿಂದಿನದು ಅಳಿಯಲಿಲ್ಲ. ಹಳೆಯ ಕಾರುಗಳು ಹಳೆಯ ನಿಯಮದಲ್ಲೇ ಉಳಿದವು, ಹೊಸವು ಹೊಸ ನಿಯಮಕ್ಕೆ ಬಂದವು. ಹೀಗಾಗಿ ಇಂದು ಒಂದೇ ರಸ್ತೆಯಲ್ಲಿ ಮೂರು ತೆರಿಗೆ ಪದ್ಧತಿಗಳು ಅಕ್ಕಪಕ್ಕ ಓಡುತ್ತಿವೆ.

ಆದ್ದರಿಂದ ಬ್ಯಾಂಡು ಪರೀಕ್ಷಿಸುವವರು ಮೊದಲು ನೋಡಬೇಕಾದದ್ದು ಹೊಗೆಯನ್ನಲ್ಲ, ದಿನಾಂಕವನ್ನು. ಕಾರು ಮೊದಲ ಬಾರಿಗೆ ನೋಂದಣಿಯಾದ ದಿನ ಯಾವುದು ಎಂಬ ಒಂದೇ ಪ್ರಶ್ನೆಯಿಂದ ಮುಕ್ಕಾಲು ಪಾಲು ಉತ್ತರ ಸಿಗುತ್ತದೆ. ಮುಂದೆ ಕೊಟ್ಟಿರುವ ದರ, ಮಿತಿಗಳೆಲ್ಲ 2025ರ ಏಪ್ರಿಲ್‌ನಲ್ಲಿ ಜಾರಿಯಲ್ಲಿದ್ದವು.

2001ರ ಮಾರ್ಚ್ 1ಕ್ಕಿಂತ ಮೊದಲು ನೋಂದಣಿಯಾದ ಕಾರಾದರೆ ಎಂಜಿನ್ನಿನ ಗಾತ್ರವೇ ಮಾನದಂಡ. 1549 ಸಿಸಿ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ವರ್ಷಕ್ಕೆ 220 ಪೌಂಡ್, ಹೆಚ್ಚಿದ್ದರೆ 360. ಕಾರಿನ ಹಿಂಬದಿಯಲ್ಲಿ 1.5 ಎಂದೋ 1.6 ಎಂದೋ ಅಂಟಿಸಿರುವ ಅಕ್ಷರಗಳನ್ನು ನಂಬಬಾರದು, ಅವು ದುಂಡು ಸಂಖ್ಯೆಗಳು. ತೆರಿಗೆ ನೋಡುವುದು ನೋಂದಣಿ ಪುಸ್ತಕದಲ್ಲಿರುವ ನಿಖರ ಸಿಸಿಯನ್ನು. ಹಳೆಯ ಕಾರಿನ ಎಂಜಿನ್ ಕೆಟ್ಟು ಬೇರೆ ಗಾತ್ರದ ಎಂಜಿನ್ ಕೂರಿಸಿದ್ದರೆ, ಅದನ್ನು ದಾಖಲೆಯಲ್ಲಿ ತಿದ್ದಿಸಿರದಿದ್ದರೆ, ಪುಸ್ತಕ ಒಂದು ಹೇಳುತ್ತದೆ, ಬಾನೆಟ್ಟಿನ ಒಳಗೆ ಇನ್ನೊಂದಿರುತ್ತದೆ. ಈ ಕಾಲದ ಕಾರುಗಳಲ್ಲಿ ತಪ್ಪು ಹುಡುಕಬೇಕಾದ ಜಾಗ ಅದೇ.

2001ರ ಮಾರ್ಚ್ 1ರಿಂದ 2017ರ ಮಾರ್ಚ್ 31ರವರೆಗೆ ನೋಂದಣಿಯಾದವು ನಿಜವಾದ ಬ್ಯಾಂಡುಗಳ ಕಾರುಗಳು. ಎ ಇಂದ ಎಂ ವರೆಗೆ ಇಂಗ್ಲಿಷ್ ಅಕ್ಷರಮಾಲೆಯ 13 ಅಕ್ಷರಗಳು ಇವುಗಳ ಹೆಸರು. ಕಿಲೋಮೀಟರಿಗೆ 100 ಗ್ರಾಂವರೆಗೆ ಎ, 110ರವರೆಗೆ ಬಿ. ಈ ಎರಡಕ್ಕೂ ವರ್ಷಕ್ಕೆ 20 ಪೌಂಡ್. 120ರವರೆಗೆ ಸಿ, 35 ಪೌಂಡ್. ಅಲ್ಲಿಂದ ಮುಂದೆ ಏಣಿಯ ಒಂದು ಮೆಟ್ಟಿಲು ಎತ್ತರವಾಗುತ್ತದೆ: 121 ಗ್ರಾಂ ಆದರೆ ಡಿ ಬ್ಯಾಂಡು, 165 ಪೌಂಡ್. ಒಂದೇ ಗ್ರಾಂ ವ್ಯತ್ಯಾಸಕ್ಕೆ ವರ್ಷಕ್ಕೆ 130 ಪೌಂಡ್ ಹೆಚ್ಚು. 140ರವರೆಗಿನ ಇ ಬ್ಯಾಂಡಿಗೆ 195, 150ರವರೆಗಿನ ಎಫ್‌ಗೆ 215, 165ರವರೆಗಿನ ಜಿಗೆ 265, 175ರವರೆಗಿನ ಎಚ್‌ಗೆ 315, 185ರವರೆಗಿನ ಐಗೆ 345, 200ರವರೆಗಿನ ಜೆಗೆ 395, 225ರವರೆಗಿನ ಕೆಗೆ 430. ಅದರ ಮೇಲೆ ಮತ್ತೊಂದು ಎತ್ತರದ ಮೆಟ್ಟಿಲು. 226ರಿಂದ 255 ಗ್ರಾಂವರೆಗಿನ ಎಲ್ ಬ್ಯಾಂಡಿಗೆ 735 ಪೌಂಡ್, ಅದನ್ನೂ ಮೀರಿದ ಎಂ ಬ್ಯಾಂಡಿಗೆ 760.

ಕೆ ಮತ್ತು ಎಲ್ ನಡುವಿನ ಈ ಗೆರೆಯಲ್ಲಿ, ಹೊಗೆಯ ಅಂಕಿಯಷ್ಟನ್ನೇ ನೋಡುವವರು ಕಾಣದೆ ಹೋಗುವ ಒಂದು ವಿನಾಯಿತಿ ಇದೆ. 2006ರ ಮಾರ್ಚ್ 22ರಂದು ಆಗಿನ ಹಣಕಾಸು ಸಚಿವ ಗಾರ್ಡನ್ ಬ್ರೌನ್ ಮಂಡಿಸಿದ ಬಜೆಟ್ ಅತಿ ಹೆಚ್ಚು ಹೊಗೆಯ ಕಾರುಗಳಿಗೆ ಹೊಸ ಮೇಲಿನ ಬ್ಯಾಂಡನ್ನು ತಂದಿತು. ಅದು ಅನ್ವಯವಾದದ್ದು ಮರುದಿನದಿಂದ ನೋಂದಣಿಯಾದ ಕಾರುಗಳಿಗೆ. ಆ ಭೇದ ಇಂದಿಗೂ ಉಳಿದಿದೆ: 225 ಗ್ರಾಂ ಮೀರಿದ ಕಾರು 2006ರ ಮಾರ್ಚ್ 23ಕ್ಕಿಂತ ಮೊದಲು ನೋಂದಣಿಯಾಗಿದ್ದರೆ, ಹೊಗೆ ಎಷ್ಟೇ ಇದ್ದರೂ ಅದು ಕೆ ಬ್ಯಾಂಡಿನಲ್ಲೇ ನಿಲ್ಲುತ್ತದೆ. 280 ಗ್ರಾಂ ಬಿಡುವ ಫೋರ್ ವೀಲ್ ಡ್ರೈವ್ ಕಾರೊಂದು ಆ ವರ್ಷದ ಫೆಬ್ರವರಿಯಲ್ಲಿ ನೋಂದಣಿಯಾಗಿದ್ದರೆ 430 ಪೌಂಡ್, ಏಪ್ರಿಲ್‌ನಲ್ಲಿ ಆಗಿದ್ದರೆ 760. ವರ್ಷಕ್ಕೆ 330 ಪೌಂಡಿನ ಅಂತರ. 2006ರ ದೊಡ್ಡ ಕಾರು ಇಟ್ಟುಕೊಂಡವರು ತಮ್ಮ ದಿನಾಂಕವನ್ನು ಎರಡು ಬಾರಿ ಓದಿಕೊಳ್ಳುವುದು ಒಳ್ಳೆಯದು.

ದಿನಾಂಕ ತಿಳಿಯಲು ನಂಬರ್ ಪ್ಲೇಟ್ ಸಾಲದು. ಗ್ರೇಟ್ ಬ್ರಿಟನ್ನಿನ ಪ್ಲೇಟುಗಳಲ್ಲಿ ವಯಸ್ಸಿನ ಗುರುತು ಇರುವುದು ನಿಜ. 2001ರ ಸೆಪ್ಟೆಂಬರ್‌ನಿಂದ ಬಂದ ಈಗಿನ ಕ್ರಮದಲ್ಲಿ ಎರಡು ಅಂಕಿಗಳು ಅರ್ಧ ವರ್ಷವನ್ನು ಹೇಳುತ್ತವೆ: 06 ಎಂದರೆ 2006ರ ಮಾರ್ಚ್‌ನಿಂದ ಆಗಸ್ಟ್, 17 ಎಂದರೆ 2017ರ ಮಾರ್ಚ್‌ನಿಂದ ಆಗಸ್ಟ್. ಆದರೆ ತೆರಿಗೆಯ ಗೆರೆಗಳು ಈ ಅರ್ಧ ವರ್ಷಗಳ ನಡುವೆ ಬೀಳುತ್ತವೆ. 06 ಪ್ಲೇಟಿನ ಕಾರು ಮಾರ್ಚ್ 23ರ ಹಿಂದಿನದೂ ಆಗಿರಬಹುದು, ಮುಂದಿನದೂ ಆಗಿರಬಹುದು. 17 ಪ್ಲೇಟಿನ ಕಾರು ಹಳೆಯ ಬ್ಯಾಂಡುಗಳಿಗೂ ಸೇರಬಹುದು, ಹೊಸ ಪದ್ಧತಿಗೂ ಸೇರಬಹುದು. ಅದಲ್ಲದೆ ಇಷ್ಟದ ನಂಬರ್ ಕೊಂಡು ಹಾಕಿಸಿಕೊಂಡ ಕಾರುಗಳಿವೆ, ಉತ್ತರ ಐರ್ಲೆಂಡಿನ ಪ್ಲೇಟುಗಳಲ್ಲಿ ವಯಸ್ಸಿನ ಗುರುತೇ ಇಲ್ಲ. ಮಾರುವವರು ಪ್ಲೇಟು ತೋರಿಸಿ ‘ಇದು ಹಳೇ ಟ್ಯಾಕ್ಸಿನ ಗಾಡಿ’ ಎಂದರೆ ಅದನ್ನು ದಾಖಲೆಯಿಂದಲೇ ಖಚಿತಪಡಿಸಿಕೊಳ್ಳಬೇಕು.

2017ರ ಏಪ್ರಿಲ್ 1ರ ಈಚಿನ ಕಾರುಗಳಿಗೆ ಹೊಗೆಯ ಲೆಕ್ಕ ಮೊದಲ ವರ್ಷಕ್ಕೆ ಮಾತ್ರ. ಹೊಸ ಕಾರು ನೋಂದಣಿಯಾದಾಗ ವಿದ್ಯುತ್ ಕಾರಿಗೆ 10 ಪೌಂಡಿನಿಂದ ಹಿಡಿದು, 255 ಗ್ರಾಂ ಮೀರಿದ ಕಾರಿಗೆ 5,490 ಪೌಂಡಿನವರೆಗೆ ಮೊದಲ ವರ್ಷದ ದರ ಇದೆ. ಇದನ್ನು ಸಾಮಾನ್ಯವಾಗಿ ಷೋರೂಮಿನವರೇ ಆನ್ ರೋಡ್ ಬೆಲೆಯಲ್ಲಿ ಸೇರಿಸಿ ಕಟ್ಟಿರುತ್ತಾರೆ. ಎರಡನೆಯ ವರ್ಷದಿಂದ ಪೆಟ್ರೋಲ್, ಡೀಸೆಲ್, ಹೈಬ್ರಿಡ್, ವಿದ್ಯುತ್ ಎಂಬ ಭೇದವಿಲ್ಲದೆ ಎಲ್ಲಕ್ಕೂ 195 ಪೌಂಡ್. ಈ ಗೆರೆಯ ಎರಡು ಬದಿಯಲ್ಲಿ ವಿಚಿತ್ರಗಳಿವೆ. 99 ಗ್ರಾಂ ಬಿಡುವ ಒಂದು ಲೀಟರ್ ಎಂಜಿನ್ನಿನ ಫೋರ್ಡ್ ಫಿಯೆಸ್ಟಾ 2017ರ ಮಾರ್ಚ್ 31ರಂದು ನೋಂದಣಿಯಾಗಿದ್ದರೆ ವರ್ಷಕ್ಕೆ 20 ಪೌಂಡ್. ಅದರ ಅವಳಿ ಮರುದಿನ ನೋಂದಣಿಯಾಗಿದ್ದರೆ 195. ಎದುರು ದಿಕ್ಕಿನಲ್ಲಿ, 260 ಗ್ರಾಂ ಬಿಡುವ ಕಾರು ಗೆರೆಯ ಹಿಂದಿದ್ದರೆ 760, ಮುಂದಿದ್ದರೆ ಈ ದರಗಳಲ್ಲಿ ಅದಕ್ಕೂ 195. ಹೊಗೆ ಕಡಿಮೆ ಮಾಡಿಸಲೆಂದು ಹುಟ್ಟಿದ ತೆರಿಗೆ ಇಲ್ಲಿ ಹೊಗೆಯನ್ನು ಮರೆತಂತಿದೆ. ಚಿಕ್ಕ, ಮಿತವ್ಯಯದ ಕಾರು ಆರಿಸಿಕೊಂಡವರಿಗೆ ಇದು ನ್ಯಾಯವೆನಿಸದಿರುವುದು ಸಹಜ. ಆದರೆ ನಿಯಮ ಅದೇ, ಮತ್ತು ಅದನ್ನು ತಪ್ಪು ಬ್ಯಾಂಡೆಂದು ಭಾವಿಸಿ ಅರ್ಜಿ ಹಾಕಿದರೆ ಪ್ರಯೋಜನವಿಲ್ಲ.

ಈ ಹೊಸ ಪದ್ಧತಿಯಲ್ಲಿ ತಪ್ಪು ನುಸುಳಲು ಹೆಚ್ಚು ಅವಕಾಶವಿರುವುದು ಬೆಲೆಯಲ್ಲಿ. ಕಾರಿನ ಪ್ರಕಟಿತ ಬೆಲೆ 40,000 ಪೌಂಡ್ ಮೀರಿದ್ದರೆ ಎರಡನೆಯ ವರ್ಷದಿಂದ ಐದು ವರ್ಷ ಹೆಚ್ಚುವರಿ 425 ಪೌಂಡ್ ಕಟ್ಟಬೇಕು. 195 ಸೇರಿ ವರ್ಷಕ್ಕೆ 620. ಈ ದರವೇ ಮುಂದುವರಿದರೂ ಐದು ವರ್ಷಕ್ಕೆ ಹೆಚ್ಚುವರಿಯೇ 2,125 ಪೌಂಡ್. ಇಲ್ಲಿ ಬೆಲೆ ಎಂದರೆ ಕೊಂಡವರು ಕೊಟ್ಟ ಹಣವಲ್ಲ. ತೆರಿಗೆ ಸೇರಿದ, ರಿಯಾಯಿತಿಗೆ ಮೊದಲಿನ, ತಯಾರಕರು ಪ್ರಕಟಿಸಿದ ಬೆಲೆ. 42,000 ಪೌಂಡಿನ ಕಾರನ್ನು ಚೌಕಾಸಿ ಮಾಡಿ 38,000ಕ್ಕೆ ಕೊಂಡರೂ ಹೆಚ್ಚುವರಿ ತಪ್ಪದು. ಕಾರ್ಖಾನೆಯಲ್ಲೇ ಹಾಕಿಸಿದ ಲೋಹದ ಹೊಳಪಿನ ಬಣ್ಣ, ಗಾಜಿನ ಚಾವಣಿ ಮುಂತಾದ ಐಚ್ಛಿಕ ಅಲಂಕಾರಗಳೂ ಬೆಲೆಗೆ ಸೇರುತ್ತವೆ. 39,600 ಪೌಂಡಿನ ಕಾರಿಗೆ 700 ಪೌಂಡಿನ ಬಣ್ಣ ಆರಿಸಿದರೆ ಆ ಬಣ್ಣದ ನಿಜವಾದ ಬೆಲೆ ಐದು ವರ್ಷಗಳಲ್ಲಿ ನಾಲ್ಕು ಪಟ್ಟಾಗುತ್ತದೆ. ನೋಂದಣಿಯ ನಂತರ ಹಾಕಿಸಿದ ಸಾಮಾನು ಲೆಕ್ಕಕ್ಕಿಲ್ಲ. ಬೆಲೆ ಗಡಿಯ ಹತ್ತಿರ ಇರುವ ಕಾರಿನ ಮಾಲೀಕರು ಮೂಲ ಬಿಲ್ಲನ್ನು, ಆ ಕಾಲದ ಬೆಲೆಪಟ್ಟಿಯನ್ನು ಇಟ್ಟುಕೊಂಡು ಒಮ್ಮೆ ಕೂಡಿ ನೋಡಬೇಕು. ಆರು ವರ್ಷ ತುಂಬಿದ ಕಾರಿಗೆ ಈ ಹೆಚ್ಚುವರಿ ನಿಲ್ಲಬೇಕು. ನಿಂತಿದೆಯೇ ಎಂಬುದೂ ನೋಡಬೇಕಾದ ಸಂಗತಿಯೇ.

ವಿದ್ಯುತ್ ಕಾರುಗಳಿಗೆ ಲೆಕ್ಕ ಹೀಗಿದೆ. 2001ರ ಮಾರ್ಚ್‌ನಿಂದ 2017ರ ಮಾರ್ಚ್‌ವರೆಗಿನವು ಬಿ ಬ್ಯಾಂಡಿನ 20 ಪೌಂಡ್, ಅದರ ಈಚಿನವು 195. ದುಬಾರಿ ಕಾರಿನ ಹೆಚ್ಚುವರಿ ಅನ್ವಯಿಸುವುದು 2025ರ ಏಪ್ರಿಲ್ 1ರಿಂದ ನೋಂದಣಿಯಾದ ವಿದ್ಯುತ್ ಕಾರುಗಳಿಗೆ ಮಾತ್ರ. ಅದಕ್ಕೆ ಹಿಂದಿನ ವಿದ್ಯುತ್ ಕಾರು ಎಷ್ಟೇ ದುಬಾರಿಯಾಗಿದ್ದರೂ ಈ ಹೊರೆ ಇಲ್ಲ. ಹೈಬ್ರಿಡ್ ಮತ್ತು ಗ್ಯಾಸ್ ಕಾರುಗಳಿಗೆ ಹಿಂದೆ ಇದ್ದ 10 ಪೌಂಡಿನ ರಿಯಾಯಿತಿಯನ್ನು ಅದೇ ದಿನ ತೆಗೆದುಹಾಕಲಾಯಿತು.

ಇಷ್ಟು ತಿಳಿದ ಮೇಲೆ ಪುಸ್ತಕ ತೆರೆಯಬೇಕು. ಕರ್ನಾಟಕದ ಆರ್‌ಸಿ ಇದ್ದಂತೆ ಅಲ್ಲಿ ವಿ5ಸಿ ಎಂಬ ನೋಂದಣಿ ಪತ್ರ. ಲಾಗ್ ಬುಕ್ ಎಂದೇ ರೂಢಿ. ಅದರ ವಿವರಗಳಿಗೆ ಅಕ್ಷರ, ಅಂಕಿಗಳ ಗುರುತು ಇರುತ್ತದೆ. ‘ಬಿ’ ಎಂಬಲ್ಲಿ ಮೊದಲ ನೋಂದಣಿಯ ದಿನಾಂಕ. ‘ಪಿ.1’ ಎಂಬಲ್ಲಿ ಎಂಜಿನ್ನಿನ ಸಿಸಿ, ‘ಪಿ.3’ರಲ್ಲಿ ಇಂಧನ, ‘ವಿ.7’ರಲ್ಲಿ ಇಂಗಾಲದ ಡೈ ಆಕ್ಸೈಡ್‌ನ ಗ್ರಾಂ ಲೆಕ್ಕ. ಇವುಗಳ ಜೊತೆಗೆ ತೆರಿಗೆ ವರ್ಗ ಎಂಬ ನಮೂದು. ಈ ಐದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಮೇಲೆ ಹೇಳಿದ ದರಗಳ ಎದುರಿಗೆ ಇಟ್ಟರೆ ಕಟ್ಟಬೇಕಾದ ಮೊತ್ತ ಸಿಗುತ್ತದೆ. ಡಿವಿಎಲ್‌ಎಯ ಜಾಲತಾಣದಲ್ಲಿ ಕಾರಿನ ನಂಬರ್ ಹಾಕಿದರೂ ಇವುಗಳಲ್ಲಿ ಹೆಚ್ಚಿನ ವಿವರಗಳು ಉಚಿತವಾಗಿ ಕಾಣುತ್ತವೆ. ಆದರೆ ಅದು ಪುಸ್ತಕದಲ್ಲಿರುವುದನ್ನೇ ಮತ್ತೊಮ್ಮೆ ತೋರಿಸುತ್ತದೆ, ಅಷ್ಟೆ. ಮೂಲ ನಮೂದೇ ತಪ್ಪಿದ್ದರೆ ಎರಡೂ ಕಡೆ ಒಂದೇ ತಪ್ಪು ಇರುತ್ತದೆ. ನಿಜವಾದ ಪರೀಕ್ಷೆ ಆಗಬೇಕಾದರೆ ಹೊರಗಿನ ಸಾಕ್ಷಿ ಬೇಕು: ತಯಾರಕರು ಕೊಟ್ಟ ಅನುರೂಪತಾ ಪ್ರಮಾಣಪತ್ರ, ಅಥವಾ ತಯಾರಕರಿಂದಲೇ ಕೇಳಿ ಪಡೆದ ಪತ್ರ.

ಪಕ್ಕದ ಮನೆಯ ಅದೇ ಮಾದರಿಯ ಕಾರು ಕಡಿಮೆ ತೆರಿಗೆ ಕಟ್ಟುತ್ತಿದೆ ಎಂಬುದು ಸಾಕ್ಷಿಯಾಗುವುದಿಲ್ಲ. ಹೊಗೆಯ ಅಂಕಿ ಬರುವುದು ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ ಕಾರನ್ನು ಓಡಿಸಿ ಮಾಡುವ ಪರೀಕ್ಷೆಯಿಂದ. ಒಂದೇ ಮಾದರಿಯಲ್ಲಿ ಕೈಯಲ್ಲಿ ಗೇರ್ ಬದಲಿಸುವ ಕಾರಿಗೊಂದು, ಆಟೊಮ್ಯಾಟಿಕ್‌ಗೊಂದು ಅಂಕಿ. ದೊಡ್ಡ ಚಕ್ರ ಹಾಕಿದರೆ ಮತ್ತೊಂದು. ಹಳೆಯ ಯುರೋಪಿಯನ್ ಪರೀಕ್ಷೆಯಲ್ಲಿ ಕಾರು 20 ನಿಮಿಷದಲ್ಲಿ 11 ಕಿಲೋಮೀಟರ್ ಓಡಿದರೆ ಸಾಕಿತ್ತು. ಅದರ ಜಾಗಕ್ಕೆ ಬಂದ ಹೊಸ ಪರೀಕ್ಷೆ 30 ನಿಮಿಷದ್ದು, 23 ಕಿಲೋಮೀಟರಿನದು, ವೇಗವೂ ಹೆಚ್ಚು. ಆದ್ದರಿಂದ ಅದೇ ಕಾರಿಗೆ ಹೊಸ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಹೆಚ್ಚಿನ ಅಂಕಿ ಬರುತ್ತದೆ. ಬ್ರಿಟನ್ನಿನಲ್ಲಿ 2020ರ ಏಪ್ರಿಲ್ 1ರಿಂದ ನೋಂದಣಿಯಾದ ಹೊಸ ಕಾರುಗಳ ತೆರಿಗೆಗೆ ಈ ಹೊಸ ಅಂಕಿಯೇ ಆಧಾರ. ಹಳೆಯ ಕಾರಿನವರು ಎಲ್ಲೋ ಕಂಡ ಹೊಸ ಪರೀಕ್ಷೆಯ ಅಂಕಿಯನ್ನು ತಮ್ಮ ಬ್ಯಾಂಡಿಗೆ ಹೋಲಿಸಿ ಗಾಬರಿಯಾಗಬೇಕಿಲ್ಲ. ವರ್ಷಗಳು ಕಳೆದಂತೆ ಎಂಜಿನ್ ಸವೆದು ಹೊಗೆ ಹೆಚ್ಚಾದರೂ ಬ್ಯಾಂಡು ಬದಲಾಗುವುದಿಲ್ಲ. ಲೆಕ್ಕಕ್ಕೆ ಬರುವುದು ಕಾರು ಹೊಸದಾಗಿದ್ದಾಗಿನ ಅಧಿಕೃತ ಅಂಕಿ.

ತಪ್ಪುಗಳು ಹೆಚ್ಚಾಗಿ ಎಲ್ಲಿ ಅಡಗಿರುತ್ತವೆ ಎಂದು ತಿಳಿದಿದ್ದರೆ ಹುಡುಕುವುದು ಸುಲಭ. ಹೊರದೇಶದಲ್ಲಿ ಓಡಿ ಬಂದ ಕಾರುಗಳು ಮೊದಲನೆಯವು. ಇವುಗಳ ಲಾಗ್ ಬುಕ್ಕಿನಲ್ಲಿ ಮೊದಲ ನೋಂದಣಿಯ ದಿನಾಂಕದ ಜೊತೆಗೆ ‘ಬಿ.1’ ಎಂಬಲ್ಲಿ ಬ್ರಿಟನ್ನಿನಲ್ಲಿ ನೋಂದಣಿಯಾದ ದಿನಾಂಕವೂ ಇರುತ್ತದೆ, ಎರಡನ್ನೂ ಬೆರೆಸಿಕೊಳ್ಳಬಾರದು. ಜಪಾನಿನಿಂದ ಬಂದ ಅನೇಕ ಕಾರುಗಳಿಗೆ ಯುರೋಪಿನ ಕ್ರಮದ ಹೊಗೆಯ ಅಂಕಿಯೇ ಇರುವುದಿಲ್ಲ. ಅಂಥವು 2001ರ ನಂತರದವಾದರೂ ಎಂಜಿನ್ ಗಾತ್ರದ ಪದ್ಧತಿಯಲ್ಲೇ ತೆರಿಗೆ ಕಟ್ಟುತ್ತವೆ. ಎರಡನೆಯ ಜಾಗ ತೆರಿಗೆ ವರ್ಗ. ಅಂಗವಿಕಲರ ಹೆಸರಿನಲ್ಲಿ ವಿನಾಯಿತಿ ಪಡೆದಿದ್ದ ಕಾರು ಮಾರಾಟವಾದಾಗ ಆ ವಿನಾಯಿತಿ ಕಾರಿನ ಜೊತೆ ಹೋಗುವುದಿಲ್ಲ, ಕೊಂಡವರು ವರ್ಗ ಬದಲಾಯಿಸಿಕೊಳ್ಳಬೇಕು. ಅರ್ಹತೆಯಿದ್ದೂ ವಿನಾಯಿತಿ ಕೇಳದೆ ಪೂರ್ತಿ ಕಟ್ಟುತ್ತಿರುವವರೂ ಇರಬಹುದು: ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್ ಎಂಬ ಸರ್ಕಾರಿ ನೆರವಿನಲ್ಲಿ ಓಡಾಟದ ಭಾಗದ ಹೆಚ್ಚಿನ ದರ ಪಡೆಯುವವರಿಗೆ ರಸ್ತೆ ತೆರಿಗೆ ಪೂರ್ತಿ ಮನ್ನಾ, ಸಾಧಾರಣ ದರ ಪಡೆಯುವವರಿಗೆ ಅರ್ಧ. ವಯಸ್ಸಾದ ತಂದೆತಾಯಿಯ ಓಡಾಟಕ್ಕೆ ಕಾರಿಟ್ಟುಕೊಂಡ ಮನೆಗಳು ಇದನ್ನು ವಿಚಾರಿಸಿಕೊಳ್ಳಲೇಬೇಕು. ಮೂರನೆಯದು ಹಳೆಯ ಕಾರುಗಳು. ತಯಾರಾಗಿ 40 ವರ್ಷ ಕಳೆದ ಕಾರಿಗೆ ತೆರಿಗೆಯಿಲ್ಲ. 2025ರ ಏಪ್ರಿಲ್ 1ರಿಂದ, 1985ರ ಜನವರಿ 1ಕ್ಕಿಂತ ಮೊದಲು ತಯಾರಾದವು ಈ ಗುಂಪಿಗೆ ಬಂದವು. ಗೆರೆ ವರ್ಷಕ್ಕೊಂದು ಹೆಜ್ಜೆ ಮುಂದೆ ಸರಿಯುತ್ತದೆ. ಆದರೆ ವಿನಾಯಿತಿ ತಾನಾಗಿ ಬರುವುದಿಲ್ಲ. ಅರ್ಜಿ ಹಾಕಿ ಐತಿಹಾಸಿಕ ವಾಹನ ಎಂಬ ವರ್ಗಕ್ಕೆ ಬದಲಾಯಿಸಿಕೊಳ್ಳುವವರೆಗೆ ಎಂಜಿನ್ ಗಾತ್ರದ ತೆರಿಗೆ ನಡೆದೇ ಇರುತ್ತದೆ.

ತಪ್ಪು ಸಿಕ್ಕರೆ ತಿದ್ದಿಸುವ ದಾರಿ ನೇರವಾಗಿದೆ. ಎಂಜಿನ್ ಗಾತ್ರ, ಇಂಧನ, ಹೊಗೆಯ ಅಂಕಿಯಂಥ ವಿವರ ತಪ್ಪಿದ್ದರೆ ಲಾಗ್ ಬುಕ್ಕಿನಲ್ಲೇ ಇರುವ ತಿದ್ದುಪಡಿಯ ಭಾಗ ತುಂಬಿ, ಲಿಖಿತ ಸಾಕ್ಷಿಯೊಂದಿಗೆ ಸ್ವಾನ್‌ಸೀಗೆ ಅಂಚೆಯಲ್ಲಿ ಕಳಿಸಬೇಕು. ಸಾಕ್ಷಿ ಎಂದರೆ ತಯಾರಕರ ಪತ್ರ, ಎಂಜಿನ್ ಬದಲಿಸಿದ್ದರೆ ಗ್ಯಾರೇಜಿನ ರಸೀತಿ. ಕಳಿಸುವ ಮೊದಲು ಎಲ್ಲದರ ನಕಲು ತೆಗೆದಿಟ್ಟುಕೊಳ್ಳಬೇಕು, ಏಕೆಂದರೆ ಹಳೆಯ ಪುಸ್ತಕ ಹೋಗಿ ತಿದ್ದಿದ ಹೊಸದು ಬರುವವರೆಗೆ ಕೈಯಲ್ಲಿ ಬೇರೆ ದಾಖಲೆ ಇರುವುದಿಲ್ಲ. ಪ್ರಕಟಿತ ಬೆಲೆಯ ಬಗ್ಗೆ ತಕರಾರಿದ್ದರೆ ಮೊದಲು ಕಾರು ಮಾರಿದ ಡೀಲರನ್ನು ಕೇಳಬೇಕು, ಮೂಲ ಬೆಲೆಯ ದಾಖಲೆ ಇರುವುದು ಅವರ ಬಳಿ. ತೆರಿಗೆ ವರ್ಗ ಬದಲಾಯಿಸುವುದಾದರೆ, ತೆರಿಗೆಯ ಅವಧಿ ಮುಗಿಯುವ ಹೊತ್ತಿಗೆ ಈ ಕೆಲಸ ಮಾಡುವ ಪೋಸ್ಟ್ ಆಫೀಸಿಗೆ ಹೋಗಬಹುದು. ಅವಧಿಯ ನಡುವೆಯಾದರೆ ಅಂಚೆಯ ಮೂಲಕ ಸ್ವಾನ್‌ಸೀಯೇ ಗತಿ. ಪರೀಕ್ಷೆಯಲ್ಲಿ ತೆರಿಗೆ ಕಡಿಮೆ ಕಟ್ಟಲಾಗುತ್ತಿದೆ ಎಂದು ಗೊತ್ತಾಗುವ ಸಂದರ್ಭವೂ ಇದೆ. ಆಗಲೂ ತಿದ್ದಿಸಬೇಕು: ಲಾಗ್ ಬುಕ್ಕಿನ ವಿವರಗಳನ್ನು ಸರಿಯಾಗಿಡುವುದು ಕಾನೂನಿನ ಹೊಣೆ, ತಪ್ಪಿದರೆ 1,000 ಪೌಂಡಿನವರೆಗೆ ದಂಡವಿದೆ.

ಕಟ್ಟುವ ವಿಧಾನದಿಂದಲೂ ಮೊತ್ತ ಸ್ವಲ್ಪ ಬದಲಾಗುತ್ತದೆ. ಇದನ್ನು ತಪ್ಪು ಬ್ಯಾಂಡೆಂದು ತಿಳಿಯಬಾರದು. ಬ್ಯಾಂಕಿನಿಂದ ತಿಂಗಳು ತಿಂಗಳು ಕಡಿತವಾಗುವಂತೆ ಮಾಡಿಕೊಂಡರೆ ಶೇ 5 ಹೆಚ್ಚು. ಜಿ ಬ್ಯಾಂಡಿನ 265 ಪೌಂಡ್ ಆಗ 278 ಪೌಂಡ್ 25 ಪೆನ್ಸ್ ಆಗುತ್ತದೆ. ಒಂದೇ ಸಲ ಕಟ್ಟಲು ಕೈಯಲ್ಲಿ ಹಣವಿಲ್ಲದವರೇ ಹೆಚ್ಚು ಕಟ್ಟಬೇಕಾದ ಈ ಏರ್ಪಾಡು ಖೇದಕರ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಈ ಪರೀಕ್ಷೆಯನ್ನೆಲ್ಲ ಹಣ ಕೊಡುವ ಮೊದಲೇ ಮಾಡುವುದು ಒಳ್ಳೆಯದು. ನಂಬರ್ ಒಂದಿದ್ದರೆ ಡಿವಿಎಲ್‌ಎ ಜಾಲತಾಣದಲ್ಲಿ ಹೊಗೆಯ ಅಂಕಿ, ಇಂಧನ, ಸಿಸಿ ಎಲ್ಲವೂ ಸಿಗುತ್ತದೆ; ನೋಂದಣಿಯ ಪೂರ್ತಿ ದಿನಾಂಕಕ್ಕೆ ಮಾರುವವರ ಲಾಗ್ ಬುಕ್ ನೋಡಬೇಕು. 2014ರ ಅಕ್ಟೋಬರ್ 1ರಂದು, ಗಾಜಿಗೆ ಅಂಟಿಸುತ್ತಿದ್ದ ದುಂಡನೆಯ ತೆರಿಗೆ ಚೀಟಿಯನ್ನು ರದ್ದು ಮಾಡಿದಾಗ ಇನ್ನೊಂದು ನಿಯಮವೂ ಬಂತು: ಮಾರಿದ ಕಾರಿನ ಉಳಿದ ತೆರಿಗೆ ಕೊಂಡವರಿಗೆ ದಾಟುವುದಿಲ್ಲ. ಮಾರಿದವರಿಗೆ ಉಳಿದ ಪೂರ್ತಿ ತಿಂಗಳುಗಳ ಹಣ ವಾಪಸಾಗುತ್ತದೆ. ಕೊಂಡವರು ಲಾಗ್ ಬುಕ್ಕಿನಿಂದ ಹರಿದು ಕೊಟ್ಟ ಹಸಿರು ಚೀಟಿಯಲ್ಲಿರುವ 12 ಅಂಕಿಯ ಸಂಖ್ಯೆ ಬಳಸಿ, ಕಾರನ್ನು ರಸ್ತೆಗೆ ತೆಗೆಯುವ ಮೊದಲೇ ತಮ್ಮ ಹೆಸರಿನಲ್ಲಿ ಹೊಸದಾಗಿ ತೆರಿಗೆ ಕಟ್ಟಬೇಕು.